ನಾನಾರ್ಥಗಳ ಮನೆ

ಶಾಲೆಯಲ್ಲಿ ನಾನಾರ್ಥ ಪದಗಳನ್ನು ಬಾಯಿಪಾಠ ಮಾಡಿದವರು ನಮ್ಮ ಮನೆಯ ಹೊರಗೋಡೆಯನ್ನು ಒಮ್ಮೆ ನೋಡಬೇಕು. ಮನೆ ಒಂದೇ, ಅರ್ಥ್ (ಕರೆಂಟನ್ನು ಮಣ್ಣಿಗೆ ಇಳಿಸುವ ವೈರು) ನಾಲ್ಕು. ಮೀಟರಿನ ಕೆಳಗೆ ಕರೆಂಟಿನವರದು, ಹಿಂಬದಿಯ ಮೂಲೆಯಲ್ಲಿ ಟೆಲಿಫೋನಿನವರದು. ಕೇಬಲ್‌ನವರು ಕಾಂಪೌಂಡ್ ಕಡೆ ತಮ್ಮದೇ ಒಂದು ಸರಳು ಬಡಿದಿದ್ದಾರೆ. ತಾರಸಿಯ ಡಿಶ್ಶಿನಿಂದ ಇಳಿದ ಹಸಿರು ವೈರು ಮಾತ್ರ ನೆಲದವರೆಗೆ ಬರುವ ತಾಪತ್ರಯವೇ ಬೇಡವೆಂದು ಮೊದಲ ಮಹಡಿಯಲ್ಲೇ ಒಂದು ಹೂವಿನ ಕುಂಡದಲ್ಲಿ ಐಕ್ಯವಾಗಿದೆ. ಇದೇನಪ್ಪಾ ಅಂತ ಕೂರಿಸಿದ ಹುಡುಗನನ್ನು ಕೇಳಿದೆ. "ಮಣ್ಣಿಗೆ ತಾನೇ ಸಾರ್ ಕೊಡಬೇಕು? ಮಣ್ಣಿಗೇ ಕೊಟ್ಟಿದ್ದೀನಿ" ಅಂದ. ಮಾತಿನಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. "ದಿನಾ ನೀರು ಹಾಕಿ, ಅರ್ಥಿಂಗ್ ಚೆನ್ನಾಗಿರುತ್ತೆ" ಎಂದು ಬೇರೆ ಹೇಳಿ ಹೋದ.

ಹೀಗೆ ಪ್ರತಿಯೊಬ್ಬರೂ ಅವರವರ ಅರ್ಥ್ ನೋಡಿಕೊಂಡಿದ್ದಾರೆ. ಸ್ವಂತ ಅರ್ಥ್ ಅಂದರೆ ಸ್ವಾರ್ಥ. ಬೇಕಾದರೆ ಸಂಧಿ ಬಿಡಿಸಿ ನೋಡಿ. ನಾಲ್ಕೂ ಅರ್ಥ್‌ಗಳ ನಡುವೆ ಮಾತಿಲ್ಲ ಕತೆಯಿಲ್ಲ. ಒಂದರಿಂದ ಇನ್ನೊಂದಕ್ಕೆ ಒಂದು ತುಂಡು ತಾಮ್ರದ ತಂತಿಯೂ ಇಲ್ಲ.

ಭೂಮಿ ಎಲ್ಲಾ ಕಡೆ ಒಂದೇ ಅಲ್ಲವೇ, ಎಲ್ಲಿ ಹುಗಿದರೇನು ಎಂದು ನಾನೂ ನಂಬಿದ್ದೆ. ಭೂಮಿ ಒಂದೇ, ನಿಜ. ಆದರೆ ಮಣ್ಣು ತಾಮ್ರವಲ್ಲ. ಒಂದು ಸಾಧಾರಣ ಸಿಡಿಲಿನಲ್ಲಿ 30,000 ಆಂಪಿಯರ್ ಇರುತ್ತದೆ. ಅದು ಎಲ್ಲೋ ದೂರದ ಕಂಬಕ್ಕೆ ಬಡಿದು, ಮುವ್ವತ್ತರಲ್ಲಿ ಒಂದು ಪಾಲು, ಅಂದರೆ ಬರೀ 1,000 ಆಂಪಿಯರ್, ಕೇಬಲ್ ಹಿಡಿದು ನಮ್ಮ ಮನೆಗೆ ಬಂತು ಅನ್ನಿ. ಕೇಬಲ್‌ನವರ ಸರಳಿಗೂ ಮಣ್ಣಿಗೂ ನಡುವಿನ ತಡೆ 25 ಓಮ್ ಇದ್ದರೆ ಆ ಸರಳಿನ ತಲೆ 25,000 ವೋಲ್ಟಿಗೆ ಏರುತ್ತದೆ. ಅದೇ ಹೊತ್ತಿನಲ್ಲಿ ಮೀಟರಿನ ಕೆಳಗಿನ ಸರಳು, ನನಗೇನೂ ಗೊತ್ತಿಲ್ಲಪ್ಪ ಎಂದು ಸೊನ್ನೆಯ ಆಸುಪಾಸಿನಲ್ಲೇ ಕೂತಿರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಈ ಎರಡೂ ಸರಳುಗಳು ಮೊದಲ ಸಲ ಮುಖಾಮುಖಿಯಾಗುವುದು ಎಲ್ಲಿ ಗೊತ್ತೇ? ಟಿವಿಯ ಬೆನ್ನಿನಲ್ಲಿ. ಒಂದು ತೂತಿನಲ್ಲಿ ಕೇಬಲ್ಲು, ಇನ್ನೊಂದರಲ್ಲಿ ಕರೆಂಟು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ನಮ್ಮ ಮನೆಯ ಕೂಸು ಬಡವಾಗಲಿಲ್ಲ, ಬೂದಿಯಾಯಿತು. ಜೊತೆಗೆ ಮಾಡೆಮ್ಮೂ ಹೋಯಿತು.

ಮರುದಿನದಿಂದ ಪರಿಶೀಲನಾ ಪರ್ವ. ಕರೆಂಟಿನವರು ಬಂದರು, ತಮ್ಮ ಅರ್ಥ್‌ಗೆ ಮೀಟರು ಹಿಡಿದರು, "ನಮ್ಮದು ಪಕ್ಕಾ ಇದೆ" ಅಂದರು. ಕೇಬಲ್‌ನವರದೂ ಪಕ್ಕಾ. ಟೆಲಿಫೋನಿನವರದು ಇನ್ನೂ ಪಕ್ಕಾ. ಡಿಶ್ಶಿನ ಹುಡುಗ ಕುಂಡದ ಮಣ್ಣು ಮುಟ್ಟಿ ನೋಡಿ, "ನೀರು ಹಾಕಿಲ್ಲ ಸಾರ್ ನೀವು" ಅಂದ. ತಮಾಷೆಯೆಂದರೆ ಕುಂಡವೊಂದನ್ನು ಬಿಟ್ಟರೆ ಮೂವರೂ ಹೇಳಿದ್ದು ನಿಜ. ಪ್ರತಿ ಅರ್ಥೂ ಸರಿ, ಒಟ್ಟು ಸೇರಿದರೆ ಅನರ್ಥ. ಸರಳು ಸರಳಿನ ನಡುವೆ ಇರಬೇಕಾದ ಆ ನಾಲ್ಕಾರು ಮೀಟರ್ ತಂತಿ ಯಾರದು ಎಂದು ಕೇಳಿದೆ. ಮೂವರೂ ಒಟ್ಟಿಗೆ ಆಕಾಶ ನೋಡಿದರು. ಕೊನೆಗೆ ದೂರಿನ ಹಾಳೆಯಲ್ಲಿ ಕಾರಣದ ಮುಂದೆ "ಪ್ರಕೃತಿ ವಿಕೋಪ" ಎಂದು ಬರೆದು ನನ್ನ ಸಹಿ ಹಾಕಿಸಿಕೊಂಡರು. ಪ್ರಕೃತಿಯ ಸಹಿಗೆ ಜಾಗ ಬಿಟ್ಟಿರಲಿಲ್ಲ.

ಇದಕ್ಕೆ ನಿಯಮವೇ ಇಲ್ಲವೇ ಅಂದರೆ, ಧಾರಾಳವಾಗಿದೆ. ಮನೆಗೆ ಹೊರಗಿನಿಂದ ಬರುವ ಲೋಹದ್ದೆಲ್ಲವನ್ನೂ ಮನೆಯ ಮುಖ್ಯ ಅರ್ಥ್‌ಗೇ ಕೂಡಿಸಿ ಎನ್ನುತ್ತದೆ ಐಇಸಿ 60364 ಎಂಬ ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ. ಅಮೆರಿಕದಲ್ಲಿ 1897ರಿಂದ ವಿದ್ಯುತ್ ಕೋಡ್ ಇದೆ. ಅದರ 2008ರ ಆವೃತ್ತಿ ಬಂದಾಗ, ಈ ಹೊರಗಿನ ವೈರುಗಳಿಗೆಂದೇ ಮೀಟರಿನ ಹತ್ತಿರ ಕಡಿಮೆಯೆಂದರೆ ಮೂರು ವೈರು ಹಿಡಿಸುವ ಒಂದು ಲೋಹದ ಪಟ್ಟಿ ಇಡಲೇಬೇಕೆಂದಾಯಿತು. ಬೇರೆ ಸರಳು ಬಡಿಯಬಾರದು ಅಂತಲೂ ಆ ಕೋಡ್ ಹೇಳುವುದಿಲ್ಲ. ಬಡಿದರೆ ಅದನ್ನು ಕರೆಂಟಿನ ಅರ್ಥ್‌ಗೆ ಸುಮಾರು 13 ಚದರ ಮಿಲಿಮೀಟರ್‌ಗೆ ಕಡಿಮೆಯಿಲ್ಲದ ತಾಮ್ರದಿಂದ ಕೂಡಿಸು ಅನ್ನುತ್ತದೆ. ವಾಕ್ಯದ ಮೊದಲರ್ಧ ಓದುವಷ್ಟರಲ್ಲೇ ಸುತ್ತಿಗೆ ಎತ್ತುವವರಿಗೆ ಏನು ಮಾಡಲು ಬರುತ್ತದೆ?

ಹೀಗೆ ಕೂಡಿಸಿದರೆ ಸಿಡಿಲು ಬರುವುದೇನೂ ನಿಲ್ಲುವುದಿಲ್ಲ. ಬಂದಾಗ ಎಲ್ಲವೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ, ಹೊಳೆ ಉಬ್ಬಿದಾಗ ಒಂದೇ ದೋಣಿಯಲ್ಲಿ ಕೂತವರ ಹಾಗೆ. ನಮ್ಮ ಟಿವಿ ಎರಡು ದೋಣಿಯಲ್ಲಿ ಕಾಲಿಟ್ಟುಕೊಂಡಿತ್ತು, ಪಾಪ.

ಅಂತೂ ಒಬ್ಬ ಹಳೇ ಎಲೆಕ್ಟ್ರಿಷಿಯನ್‌ನನ್ನು ಹಿಡಿದು ತಂದೆ. ಆತ ಕೇಬಲ್‌ನವರ ಅರ್ಥ್ ವೈರನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ಉಳಿದ ಎರಡು ಮೂರು ಮೀಟರ್ ವೈರನ್ನು ಕತ್ತರಿಸದೆ, ಚಂದವಾಗಿ ಸಿಂಬೆ ಸುತ್ತಿ, ಟ್ಯಾಗ್ ಕಟ್ಟಿ ಗೋಡೆಗೆ ತೂಗುಹಾಕಿದ್ದರು. ಸಿಡಿಲಿಗೆ ಸಿಂಬೆ ಆಗುವುದಿಲ್ಲ. ಆ 1,000 ಆಂಪಿಯರ್ ಒಂದು ಮೈಕ್ರೋಸೆಕೆಂಡಿನಲ್ಲಿ ಏರಿದರೆ ನೆಟ್ಟಗಿರುವ ವೈರಿನಲ್ಲೇ ಪ್ರತಿ ಮೀಟರ್ ಉದ್ದಕ್ಕೆ ಸುಮಾರು ಸಾವಿರ ವೋಲ್ಟ್ ನಿಲ್ಲುತ್ತದೆ, ಸುತ್ತಿದರೆ ಇನ್ನೂ ಹೆಚ್ಚು. ಆ ವೈರು ಹಿಡಿದಿದ್ದ ಹಸಿರು ಸ್ಕ್ರೂ ಬಿಚ್ಚಹೋದರೆ ಅದರ ಮೇಲೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಇಡೀ ಮನೆಯಲ್ಲಿ ಆ ಸ್ಕ್ರೂಗೂ ಮಣ್ಣಿಗೂ ನೇರ ಸಂಪರ್ಕ ಕಲ್ಪಿಸಿದ ಜೀವಿ ಅದೊಂದೇ.

ಮೀಟರಿನ ಪಕ್ಕ ಈಗ ಒಂದು ಹಿತ್ತಾಳೆ ಪಟ್ಟಿ ಬಂದಿದೆ, ಸಾಲಾಗಿ ಆರು ಸ್ಕ್ರೂ. ನಾಲ್ಕು ವೈರೂ ಅಲ್ಲಿಗೇ ಬಂದಿವೆ, ಎರಡು ಖಾಲಿ. ಕುಂಡದಲ್ಲಿ ಈಗ ಬರೀ ಗಿಡ.

ಹೋದ ವಾರ ಫೈಬರ್‌ನವನು ಬಂದ. ಬೆನ್ನ ಮೇಲೆ ಕೇಬಲ್ ಸುರುಳಿ, ಕೈಯಲ್ಲಿ ಹೊಸ ಸರಳು, ಸುತ್ತಿಗೆ. ಫೈಬರ್ ಅಂದರೆ ಗಾಜು, ಗಾಜಿಗೆಂಥ ಅರ್ಥ್ ಅಂದೆ. ಗಾಜನ್ನು ಹೊತ್ತು ತರುವ ಉಕ್ಕಿನ ತಂತಿಗೆ ಬೇಕು ಸಾರ್ ಅಂದ. ಜಾಣ ಹುಡುಗ. ಸಂತೋಷದಿಂದ ಪಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ಖಾಲಿ ಸ್ಕ್ರೂ ತೋರಿಸಿದೆ.

"ಇದು ಯಾರದು ಸಾರ್?"

"ಎಲ್ಲರದೂ ಕಣಪ್ಪಾ."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಹಾಗಾದರೆ ಪರ್ಮಿಷನ್ ಯಾರ ಹತ್ರ ತಗೊಳ್ಳಲಿ?"