ಒಂದೇ ಥರದ ನಟ ಅಂದುಕೊಂಡಿದ್ದೆ

ಹಳೇ ಹಾಲಿವುಡ್ ಸಿನಿಮಾಗಳ ಮಾತು ಬಂದರೆ ಬೊಗಾರ್ಟ್, ಜೇಮ್ಸ್ ಸ್ಟೀವರ್ಟ್, ಕ್ಯಾರಿ ಗ್ರಾಂಟ್ ಹೆಸರು ತಾನಾಗಿಯೇ ಬರುತ್ತವೆ. ಫ್ರೆಡ್ ಮ್ಯಾಕ್‌ಮರೆ ಹೆಸರನ್ನು ಎತ್ತುವವರು ಕಡಿಮೆ. ನಾನೂ ಎತ್ತುತ್ತಿರಲಿಲ್ಲ. ಎತ್ತರದ ಆಳು, ಸಭ್ಯ ಮುಖ, ಏರಿಳಿತ ಜಾಸ್ತಿ ಇಲ್ಲದ ದನಿ. ಎಲ್ಲ ಸಿನಿಮಾದಲ್ಲೂ ಅದೇ ಅಲ್ವಾ ಅಂತ ನನ್ನ ತಕರಾರು. ಈ ತಿಂಗಳು ಅವರ ಮೂರು ಸಿನಿಮಾ ಮತ್ತೆ ನೋಡಿದೆ. ಆ ಮಾತು ತಪ್ಪು.

ಮ್ಯಾಕ್‌ಮರೆ ಮೊದಲು ಸ್ಯಾಕ್ಸೋಫೋನ್ ನುಡಿಸುತ್ತಿದ್ದರು. ಸಿನಿಮಾಗೆ ಬಂದ ಮೇಲೆ ಹಗುರವಾದ ಪ್ರೇಮಕಥೆ, ಹಾಸ್ಯ ಇವೇ ಪಾತ್ರಗಳು. ನಿರ್ದೇಶಕ ಬಿಲ್ಲಿ ವೈಲ್ಡರ್ 'ಡಬಲ್ ಇಂಡೆಮ್ನಿಟಿ' (1944) ಕಥೆ ತಂದಾಗ, ಇದು ನನ್ನಿಂದ ಆಗುವುದಿಲ್ಲ ಅಂತ ಹಿಂಜರಿದಿದ್ದರು. ವಾಲ್ಟರ್ ನೆಫ್ ಅನ್ನುವ ಇನ್ಶೂರೆನ್ಸ್ ಏಜೆಂಟ್ ಪಾತ್ರ. ಪಾಲಿಸಿ ಮಾರಲು ಹೋದವನು ಆ ಮನೆಯ ಹೆಂಗಸಿನ ಜೊತೆ ಸೇರಿ ಅವಳ ಗಂಡನನ್ನೇ ಕೊಲ್ಲುತ್ತಾನೆ. ಹೆಣವನ್ನು ರೈಲು ಹಳಿಯ ಮೇಲೆ ಹಾಕಿ ಬಂದು ಕೂತರೆ ಕಾರು ಸ್ಟಾರ್ಟ್ ಆಗುವುದಿಲ್ಲ. ಅಲ್ಲಿ ಮ್ಯಾಕ್‌ಮರೆ ಮುಖ ನೋಡಿ. ಕಿರುಚಾಟ ಇಲ್ಲ. ನಿಧಾನವಾಗಿ ಕೈ ಚಾಚಿ ಕೀ ತಿರುಗಿಸುತ್ತಾರೆ. ನನಗೆ ಉಸಿರು ಕಟ್ಟಿತು. ಕೊಲೆಗಾರ ಸಿಕ್ಕಿಬೀಳಬಾರದು ಅಂತ ನಾನೇ ಬಯಸುತ್ತಿದ್ದೆ! ಮೊದಲಿಂದಲೂ ಕ್ರೂರಿಯಂತೆ ಕಾಣುವ ನಟ ಆಗಿದ್ದರೆ ಹಾಗೆ ಬಯಸುತ್ತಿರಲಿಲ್ಲ.

ಹದಿನಾರು ವರ್ಷದ ಮೇಲೆ ಮತ್ತೆ ವೈಲ್ಡರ್, ಮತ್ತೆ ಇನ್ಶೂರೆನ್ಸ್ ಕಂಪನಿ. 'ದಿ ಅಪಾರ್ಟ್‌ಮೆಂಟ್' (1960) ಚಿತ್ರದ ಶೆಲ್ಡ್ರೇಕ್ ದೊಡ್ಡ ಅಧಿಕಾರಿ, ಹೆಂಡತಿ ಮಕ್ಕಳಿರುವವನು, ಆಫೀಸಿನ ಲಿಫ್ಟ್ ಹುಡುಗಿಗೆ ಆಸೆ ತೋರಿಸಿ ಇಟ್ಟುಕೊಂಡವನು. ಕ್ರಿಸ್‌ಮಸ್ ಹಿಂದಿನ ರಾತ್ರಿ ಅವಳು ಅವನಿಗಾಗಿ ಒಂದು ಗ್ರಾಮಫೋನ್ ರೆಕಾರ್ಡ್ ತಂದಿರುತ್ತಾಳೆ. ಅವನು ನೂರು ಡಾಲರ್ ನೋಟು ಕೊಡುತ್ತಾನೆ. ಏನಾದರೂ ತಗೋ ಅನ್ನುವ ಧಾಟಿಯಲ್ಲಿ. ಮನೆಗೆ ಹೋಗುವ ರೈಲಿಗೆ ಹೊತ್ತಾಗಿದೆ, ಮಕ್ಕಳಿಗೆ ಕೊಂಡ ಉಡುಗೊರೆಗಳು ಕೈಯಲ್ಲಿವೆ. ಇದನ್ನು ಗೋಮುಖವ್ಯಾಘ್ರ ಅಂತಲೂ ಹೇಳಲಾರೆ. ಹಿಂದೆ ಹುಲಿ ಅಡಗಿಲ್ಲ. ತಾನು ಕೆಟ್ಟದ್ದು ಮಾಡುತ್ತಿದ್ದೇನೆ ಅನ್ನುವುದೇ ಅವನಿಗೆ ಹೊಳೆದಿಲ್ಲ, ಅಷ್ಟೇ. ನೆಫ್‌ಗೆ ತಾನೇನು ಮಾಡುತ್ತಿದ್ದೇನೆಂದು ಪ್ರತಿ ಗಳಿಗೆಯೂ ಗೊತ್ತಿತ್ತು. ಮುಖ ಅದೇ, ದನಿ ಅದೇ. ಒಳಗಿರುವ ಮನುಷ್ಯರು ಪೂರ್ತಿ ಬೇರೆ.

ಇವೆರಡರ ನಡುವೆ 'ದಿ ಕೇನ್ ಮ್ಯೂಟಿನಿ' (1954) ಇದೆ. ಯುದ್ಧನೌಕೆಯ ಕ್ಯಾಪ್ಟನ್‌ಗೆ ತಲೆ ಸರಿಯಿಲ್ಲ ಅಂತ ಗೆಳೆಯನ ಕಿವಿ ಊದಿ, ಕೋರ್ಟಿನಲ್ಲಿ ನನಗೇನೂ ಗೊತ್ತಿಲ್ಲ ಅನ್ನುವ ಕೀಫರ್ ಪಾತ್ರ. ಎಲ್ಲರೂ ಕ್ಯಾಪ್ಟನ್ ಆಗಿರುವ ಬೊಗಾರ್ಟ್ ನಟನೆಯನ್ನೇ ಹೊಗಳುತ್ತಾರೆ, ಸರಿಯೇ. ಆದರೆ ಹೇಡಿಯೊಬ್ಬನಿಗೆ ತಾನು ಹೇಡಿ ಅಂತ ಗೊತ್ತಾಗುವುದು ಹೇಗಿರುತ್ತದೆ ಅಂತ ನೋಡಬೇಕಾದರೆ ಮ್ಯಾಕ್‌ಮರೆಯನ್ನೇ ನೋಡಬೇಕು.

'ಅಪಾರ್ಟ್‌ಮೆಂಟ್' ಬಂದ ವರ್ಷವೇ ಟಿವಿಯಲ್ಲಿ 'ಮೈ ತ್ರೀ ಸನ್ಸ್' ಶುರುವಾಯಿತು. ಹನ್ನೆರಡು ವರ್ಷ ಅವರು ಅಮೆರಿಕದ ಮನೆಮನೆಯ ಒಳ್ಳೆಯ ಅಪ್ಪ ಆದರು. ಜೊತೆಗೆ ಡಿಸ್ನಿಯ ಮಕ್ಕಳ ಸಿನಿಮಾಗಳು. ಹಳೆಯ ಪಾತ್ರಗಳು ಅದರಡಿಯಲ್ಲಿ ಮುಚ್ಚಿಹೋದವು ಅನಿಸುತ್ತದೆ.

'ಡಬಲ್ ಇಂಡೆಮ್ನಿಟಿ'ಗೆ 7 ಆಸ್ಕರ್ ನಾಮನಿರ್ದೇಶನ, 'ಅಪಾರ್ಟ್‌ಮೆಂಟ್'ಗೆ 10. ಅದರಲ್ಲಿ ಮ್ಯಾಕ್‌ಮರೆ ಹೆಸರಿಲ್ಲ. ಜೀವಮಾನದಲ್ಲಿ ಒಂದು ಸಲವೂ ಇಲ್ಲ. ಇದು ನನಗೆ ನಿಜಕ್ಕೂ ಬೇಜಾರು. ಅಭಿನಯ ಕಣ್ಣಿಗೆ ಕಾಣಲಿಲ್ಲ ಅಂತ ಅದು ಅಭಿನಯವೇ ಅಲ್ಲ ಅಂದುಬಿಟ್ಟೆವು. ನಾನೂ ಅದೇ ಮಾಡಿದ್ದೆ.

ಇವತ್ತು ರಾತ್ರಿಗೆ 'ಪುಶ್‌ಓವರ್' ಇಟ್ಟುಕೊಂಡಿದ್ದೇನೆ. 1954ರದ್ದು, ಕಿಮ್ ನೊವಾಕ್ ಜೊತೆ. ಇದರಲ್ಲಿ ಅವರು ಪೊಲೀಸ್. ನೋಡಿದವರಿದ್ದರೆ ಕಥೆ ಹೇಳಬೇಡಿ, ಪ್ಲೀಸ್.