ಟೋಪಿ ಹಾಕಿದ್ದು ಯಾರು?

ದೂರದಲ್ಲಿರುವ ಮಗನಿಗೆ ಅಮ್ಮ ಒಂದು ಉಣ್ಣೆ ಟೋಪಿ ಹೆಣೆದು ಕಳಿಸುತ್ತಾಳೆ. ಕಿತ್ತಳೆ, ಹಳದಿ ಬಣ್ಣ, ಕಿವಿ ಮುಚ್ಚುವ ಪಟ್ಟಿ, ನೆತ್ತಿಯ ಮೇಲೊಂದು ಕುಚ್ಚು. ಮಗನೋ ಬಂದೂಕು ಹಿಡಿದು ತಿರುಗುವ ಒರಟ. ಆದರೂ ಹೆಮ್ಮೆಯಿಂದ ಹಾಕಿಕೊಳ್ಳುತ್ತಾನೆ. ಇದು ‘ಫೈರ್‌ಫ್ಲೈ’ ಎಂಬ ಅಮೆರಿಕದ ಟೀವಿ ಧಾರಾವಾಹಿಯಲ್ಲಿ ಬರುವ ದೃಶ್ಯ. 2002ರಲ್ಲಿ ಫಾಕ್ಸ್ ವಾಹಿನಿ 14 ಕಂತುಗಳಲ್ಲಿ 11 ತೋರಿಸಿ, ಸಾಕು ಅಂತ ನಿಲ್ಲಿಸಿತು. ಟೋಪಿಯ ಕಂತು ಉಳಿದ ಮೂರರಲ್ಲಿ ಒಂದು. ಅಂದರೆ, ಆ ಟೋಪಿಯನ್ನು ಫಾಕ್ಸ್ ಆಗ ತೋರಿಸಲೇ ಇಲ್ಲ!

ಅಭಿಮಾನಿಗಳು ಬಿಡಬೇಕಲ್ಲ. ಡಿವಿಡಿ ತಂದು ನೋಡಿದರು. ನಿಲ್ಲಿಸಿ ನಿಲ್ಲಿಸಿ ನೋಡಿ, ಅದೇ ಬಣ್ಣದ ಉಣ್ಣೆ ಹುಡುಕಿ ಟೋಪಿ ಹೆಣೆದರು. ಗೆಳೆಯರಿಗೆ ಕೊಟ್ಟರು, ಕೆಲವರು ಕೈಕೆಲಸದ ವಸ್ತು ಮಾರುವ ಎಟ್ಸಿ ಎಂಬ ಜಾಲತಾಣದಲ್ಲಿ ಮಾರಿದರು. ವರ್ಷಗಟ್ಟಲೆ ಹೀಗೇ ನಡೆಯಿತು. 2013ರ ಹೊತ್ತಿಗೆ ಲೈಸೆನ್ಸ್ ಪಡೆದ ಟೋಪಿ ಮಾರುಕಟ್ಟೆಗೆ ಬಂತು ನೋಡಿ, ಹೆಣೆದು ಮಾರುವವರಿಗೆ ಮಾರಬೇಡಿ ಅಂತ ಫಾಕ್ಸ್‌ನಿಂದ ನೋಟಿಸು ಬಂತು. ಅಮ್ಮ ಕೈಯಾರೆ ಹೆಣೆದದ್ದು ಅನ್ನೋದೇ ಆ ಟೋಪಿಯ ಇಡೀ ಕಥೆ. ಈಗ ಕೈಯಾರೆ ಹೆಣೆದರೆ ನಕಲಿ, ಕಾರ್ಖಾನೆಯಿಂದ ಬಂದರೆ ಅಸಲಿ. ಟೋಪಿ ಹಾಕೋದು ಅಂದರೆ ಮೋಸ ಮಾಡೋದು ಅಂತ ನಮ್ಮ ಹಿರಿಯರು ಸುಮ್ನೆ ಹೇಳಿದ್ದಲ್ಲ.

‘ಸ್ಟಾರ್ ಟ್ರೆಕ್’ ಎಂಬ ಇನ್ನೊಂದು ಅಮೆರಿಕದ ಧಾರಾವಾಹಿಯ ಒಡೆಯರು ಇನ್ನೂ ಶಿಸ್ತಿನವರು. ಅಭಿಮಾನಿಗಳು ತೆಗೆಯುವ ಸಿನಿಮಾಗಳಿಗೆ 2016ರಲ್ಲಿ ನಿಯಮ ಬರೆದರು. ಒಂದು ಕಥೆಗೆ 15 ನಿಮಿಷ. ಎರಡು ಭಾಗ ಮಾಡಿದರೆ ಒಟ್ಟು 30. ಪಾತ್ರಗಳ ಸಮವಸ್ತ್ರವನ್ನು ಅಂಗಡಿಯಿಂದ ಕೊಂಡು ತೊಟ್ಟರೆ ಅದು ಅಧಿಕೃತ ಮಾಲೇ ಆಗಿರಬೇಕು. ಪ್ರೀತಿಸಿ, ಬೇಡ ಅಂದವರ್ಯಾರು? ಗಡಿಯಾರ ನೋಡಿಕೊಂಡು ಪ್ರೀತಿಸಿ, ರಸೀದಿ ಇಟ್ಟುಕೊಳ್ಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಶೆರ್ಲಾಕ್ ಹೋಮ್ಸ್ ವ್ಯಾಜ್ಯ. ಅವನ ಹಳೆಯ ಕಥೆಗಳ ಹಕ್ಕು ಅಮೆರಿಕದಲ್ಲಿ ಮುಗಿದಿತ್ತು, ಕೊನೆಯ ಕೆಲವು ಮಾತ್ರ ಬಾಕಿ ಇದ್ದವು. ಹೋಮ್ಸ್‌ಗೆ ಒಬ್ಬ ತಂಗಿಯನ್ನು ಕಲ್ಪಿಸಿದ ಸಿನಿಮಾದ ಮೇಲೆ ಕಾನನ್ ಡಾಯ್ಲ್ ಎಸ್ಟೇಟ್, ಅಂದರೆ ಹೋಮ್ಸ್‌ನನ್ನು ಸೃಷ್ಟಿಸಿದ ಲೇಖಕನ ಹಕ್ಕುಗಳನ್ನು ನೋಡಿಕೊಳ್ಳುವ ಸಂಸ್ಥೆ, 2020ರಲ್ಲಿ ದಾವೆ ಹೂಡಿತು. ಹೋಮ್ಸ್‌ಗೆ ಮಮತೆ, ಹೆಂಗಸರ ಬಗ್ಗೆ ಗೌರವ ಹುಟ್ಟಿದ್ದು ಆ ಕೊನೆಯ ಕಥೆಗಳಲ್ಲೇ, ಅದು ನಮ್ಮ ಆಸ್ತಿ ಅನ್ನೋದು ವಾದ. ಸಿಡುಕ ಹೋಮ್ಸ್ ಬಿಟ್ಟಿ, ಒಳ್ಳೆಯ ಹೋಮ್ಸ್‌ಗೆ ಕಾಸು. ವಾಟ್ಸನ್‌ಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡೋ ಮೊದಲು ಹೋಮ್ಸ್ ವಕೀಲರನ್ನು ಕೇಳಬೇಕು! ಆ ವರ್ಷದ ಕೊನೆಗೆ ದಾವೆ ಮುಗಿಯಿತು, ಪುಣ್ಯ.

ಹಾಗಂತ ಅಭಿಮಾನಿಗಳೇನು ಸಾಚಾಗಳಲ್ಲ. ಯಾರೋ ಸೃಷ್ಟಿಸಿದ ಪಾತ್ರದ ಚಿತ್ರ ಬರೆದು, ಅದರ ಮುಖದ ಮೇಲೆಯೇ ತಮ್ಮ ಹೆಸರು ಒತ್ತುತ್ತಾರೆ. ಅದನ್ನು ಇನ್ನೊಬ್ಬ ಟೀ ಶರ್ಟಿಗೆ ಹಾಕಿದರೆ, ಕಳ್ಳ ಕಳ್ಳ ಅಂತ ಬೊಬ್ಬೆ.

ನಾನೂ ಜಾಸ್ತಿ ಮಾತಾಡಬಾರದು. ಒಂದು ಕಾದಂಬರಿಯಲ್ಲಿ ಸತ್ತ ನಾಯಕನನ್ನು ಬದುಕಿಸಿ ನಾನೊಂದು ಕಥೆ ಬರೆದಿದ್ದೆ. ಇನ್ನೊಬ್ಬ ಅಭಿಮಾನಿ ಅದನ್ನು ಮುಂದುವರಿಸಿ, ನಾನು ಬದುಕಿಸಿದವನನ್ನು ಎರಡೇ ಪುಟದಲ್ಲಿ ಮತ್ತೆ ಸಾಯಿಸಿದ. ಒಂದು ಮಾತು ಕೇಳೋದು ಬೇಡ್ವಾ? ಸಿಟ್ಟಲ್ಲಿ ಪತ್ರ ಬರೆಯಲು ಕೂತೆ. ‘ಸ್ವಾಮಿ, ನನ್ನ ಪಾತ್ರವನ್ನು ನನ್ನ ಒಪ್ಪಿಗೆ ಇಲ್ಲದೆ...’ ಅಂತ ಬರೆದೆ ನೋಡಿ, ಪೆನ್ನು ಅಲ್ಲೇ ನಿಂತಿತು.