ಹೊರದೇಶದ ದಿಗ್ಬಂಧನ, ಯುದ್ಧದ ವಿಷ್ಯಕ್ಕೆ ಚರ್ಚು, ಮಸೀದಿ, ಮಠಗಳು ಬಾಯಿ ಹಾಕ್ಬೇಕಾ?

ಪರ

ಹಾಕ್ಲೇಬೇಕು. ದಿಗ್ಬಂಧನ ಅಂದ್ರೆ ಒಂದು ದೇಶದ ಜೊತೆ ವ್ಯಾಪಾರ, ದುಡ್ಡಿನ ವ್ಯವಹಾರಕ್ಕೆ ನಿರ್ಬಂಧ ಹಾಕೋದು. ಅದ್ರಲ್ಲಿ ಔಷಧಿಗೆ, ಊಟದ ಸಾಮಾನಿಗೆ ವಿನಾಯಿತಿ ಇದೆ ಅಂತ ಕಾಗದದ ಮೇಲೇನೋ ಬರ್ದಿರ್ತಾರೆ, ಆದ್ರೆ ಅಮೆರಿಕದ ದಂಡಕ್ಕೆ ಹೆದರಿ ಬ್ಯಾಂಕಿನೋರು ಪೇಮೆಂಟೇ ಮಾಡಲ್ಲ. 2018ರಲ್ಲಿ ಇರಾನ್ ಮೇಲೆ ಮತ್ತೆ ಅಮೆರಿಕದ ನಿರ್ಬಂಧ ಬಿದ್ಮೇಲೆ ಏನಾಯ್ತು ನೋಡಿ, ಮುಟ್ಟಿದ್ರೆ ಚರ್ಮ ಸುಲಿದು ಬರೋ ಒಂದು ಹುಟ್ಟು ಕಾಯಿಲೆ ಇದೆ, ಆ ಮಕ್ಕಳ ಗಾಯಕ್ಕೆ ಕಟ್ಟೋ ಬ್ಯಾಂಡೇಜನ್ನ ಸ್ವೀಡನ್ ಕಂಪ್ನಿಯೊಂದು ಕಳಿಸ್ತಿತ್ತು, ಅದೂ ನಿಂತೋಯ್ತು. ಮೈಸೂರಿಗೆ ಇದು ದೂರದ ಮಾತೇನಲ್ಲ. ಮಾನಸಗಂಗೋತ್ರಿಗೆ ಓದೋಕೆ ಬಂದು ನಮ್ಮ ಮಹಡಿ ಮನೇಲಿ ಬಾಡಿಗೆಗಿದ್ದ ಇರಾನಿ ಹುಡುಗನಿಗೆ ಅಪ್ಪ ಬ್ಯಾಂಕಲ್ಲಿ ದುಡ್ಡು ಹಾಕೋಕೆ ಆಗ್ತಿರ್ಲಿಲ್ಲ, ಊರಿಂದ ಬರೋರ ಕೈಲಿ ನೋಟು ತರಿಸ್ಕೊಂಡು ಬಾಡಿಗೆ ಕೊಡ್ತಿದ್ದ.

ಇದನ್ನೆಲ್ಲ ಯಾವ ಸರ್ಕಾರ ಎತ್ತಿ ಆಡತ್ತೆ? ಎಲ್ರಿಗೂ ಅವರವರ ಲೆಕ್ಕಾಚಾರ. 1998ರ ಜನವರಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕ್ಯೂಬಾಕ್ಕೇ ಹೋಗಿ, ಹೊರಗಿಂದ ಹೇರಿರೋ ನಿರ್ಬಂಧ ಅನ್ಯಾಯ ಅಂದ್ರು, ಹಾಗಂತ ಅಲ್ಲಿ ಆಳ್ತಿದ್ದ ಕ್ಯಾಸ್ಟ್ರೋನ ಬಿಟ್ಟಾಕ್ಲಿಲ್ಲ, ಜೈಲಲ್ಲಿರೋರನ್ನ ಬಿಡಿ ಅಂತನೂ ಕೇಳಿದ್ರು. 2003ರಲ್ಲಿ ಇರಾಕ್ ಯುದ್ಧ ಬೇಡ ಅಂತ ಅಮೆರಿಕದ ಅಧ್ಯಕ್ಷ ಬುಷ್ ಹತ್ರ ಕಾರ್ಡಿನಲ್ (ಚರ್ಚಿನ ಹಿರಿಯ ಧರ್ಮಗುರು) ಒಬ್ಬರನ್ನ ಕಳಿಸಿದ್ರು. ಬುಷ್ ಕೇಳ್ಲಿಲ್ಲ. ಆದ್ರೂ ಪೋಪೇ ಬೇಡ ಅಂದಿದ್ರಿಂದ, ಇದು ಕ್ರೈಸ್ತರು-ಮುಸ್ಲಿಮರ ಯುದ್ಧ ಅಂತ ಬೆಂಕಿ ಹಚ್ಚೋರಿಗೆ ಸ್ವಲ್ಪನಾದ್ರೂ ಅಡ್ಡಿ ಆಯ್ತು ಅಂತ ನಾನು ನಂಬ್ತೀನಿ. ಇರಾಕ್ ಹತ್ರ ಸಾಮೂಹಿಕ ನಾಶದ ಅಸ್ತ್ರ ಇದೆ ಅಂತ ಬುಷ್ ಅಂದ್ರಲ್ಲಾ, ಕೊನೆಗೂ ಸಿಗ್ಲೇ ಇಲ್ಲ.

ವಿರೋಧ

ಆ ಮಕ್ಕಳ ಬ್ಯಾಂಡೇಜಿನ ಮಾತಿಗೆ ನನ್ನ ತಕರಾರಿಲ್ಲ ಕಣ್ರೀ. ಆದ್ರೆ ಧರ್ಮಗುರುಗಳು ದಿಗ್ಬಂಧನನೇ ಬೇಡ, ಸೈನ್ಯನೇ ಬೇಡ ಅಂತ ಎಲ್ಲಾ ಕಡೆಗೂ ಒಂದೇ ಮಂತ್ರ ಹೇಳಿದ್ರೆ ಅದ್ರಿಂದ ಲಾಭ ಆಗೋದು ದಬ್ಬಾಳಿಕೆ ಮಾಡೋನಿಗೆ. ಬಿಳಿಯರು ಕರಿಯರನ್ನ ತುಳೀತಿದ್ದ ದಕ್ಷಿಣ ಆಫ್ರಿಕಾದಲ್ಲಿ ಬಿಷಪ್ ಡೆಸ್ಮಂಡ್ ಟೂಟು ನಮ್ಮ ದೇಶದ ಮೇಲೆ ನಿರ್ಬಂಧ ಹಾಕಿ ಅಂತ ಲೋಕಕ್ಕೆಲ್ಲಾ ಕೇಳ್ಕೊಂಡ್ರು, ಕರಿಯ ಬಡವ್ರಿಗೇ ಏಟು ಬೀಳತ್ತೆ ಅಂತ ಬೇಡ ಅಂದೋರು ಬ್ರಿಟನ್ ಪ್ರಧಾನಿ ಥ್ಯಾಚರ್, ಅಮೆರಿಕ ಅಧ್ಯಕ್ಷ ರೇಗನ್. ಕೊನೆಗೆ 1986ರಲ್ಲಿ ಅಮೆರಿಕದ ಕಾಂಗ್ರೆಸ್ ರೇಗನ್ ವೀಟೋನೇ ಮೀರಿ ಕಾನೂನು ಮಾಡ್ತು. ನಮ್ಮ ದೇಶ ಸ್ವಾತಂತ್ರ್ಯಕ್ಕೂ ಮುಂಚೆ, 1946ರಲ್ಲೇ ಅವ್ರ ಜೊತೆ ವ್ಯಾಪಾರ ನಿಲ್ಸಿತ್ತು. ಯುದ್ಧ ಅಂದ್ರಾ? 1971ರಲ್ಲಿ ನಮ್ಮ ಸೈನ್ಯ ಪೂರ್ವ ಪಾಕಿಸ್ತಾನಕ್ಕೆ ಹೋಗದೇ ಇದ್ದಿದ್ರೆ, ಓಡಿ ಬಂದಿದ್ದ ಹತ್ತಿರತ್ತಿರ ಒಂದು ಕೋಟಿ ಜನ ವಾಪಸ್ ಎಲ್ಲಿಗೆ ಹೋಗ್ಬೇಕಿತ್ತು? ಆಫ್ರಿಕಾದ ರುವಾಂಡಾದಲ್ಲಿ 1994ರಲ್ಲಿ ಟುಟ್ಸಿ ಜನರ ನರಮೇಧ ನಡೆದಾಗ ಅದನ್ನ ತಡೆಯೋಕೆ ಹೊರದೇಶದೋರು ಯಾರೂ ಸಮಯಕ್ಕೆ ಸರಿಯಾಗಿ ಸೈನ್ಯ ನುಗ್ಗಿಸ್ಲಿಲ್ಲ, ಚರ್ಚೊಳಗೆ ಅವಿತವ್ರನ್ನೂ ಹುಡುಕಿ ಕೊಂದ್ರು.

ಇನ್ನೊಂದ್ ವಿಷ್ಯ. ದಿಗ್ಬಂಧನದಿಂದ ಇರಾಕಲ್ಲಿ 5 ಲಕ್ಷ ಮಕ್ಕಳು ಸತ್ರು ಅನ್ನೋ ಮಾತು ವರ್ಷಗಟ್ಟಲೆ ಓಡಾಡ್ತು, ಅಲ್ಲಿನ ಸರ್ವಾಧಿಕಾರಿ ಸದ್ದಾಂ ಹೋದ್ಮೇಲೆ ಮಾಡಿದ ಸರ್ವೆಗಳಲ್ಲಿ ಅಂಥ ಏರಿಕೆ ಕಾಣ್ಲೇ ಇಲ್ಲ, ಅವ್ನ ಸರ್ಕಾರನೇ ಅಂಕಿ ತಿರುಚಿತ್ತು ಅಂತ ಸಂಶೋಧಕರು ಬರೆದ್ರು. ನಮ್ಮ ಮಂಡ್ಯ ಕಡೆ ಸ್ವಾಮೀಜಿನೋ, ಫಾದರೋ, ಮೌಲ್ವಿನೋ ಹೇಳಿದ್ಮೇಲೆ ಎದ್ದು ನಿಂತು ಇದು ನಿಜವಾ ಅಂತ ಕೇಳೋರು ಎಷ್ಟು ಜನ ಇದಾರೆ ಹೇಳಿ. ಔಷಧಿಗೆ ದಾರಿ ಬಿಡಿ, ಬ್ಯಾಂಕಿನೋರ ಭಯ ಬಿಡಿಸಿ ಅಂತ ಅವ್ರು ಮನವಿ ಬರೆದ್ರೆ ನಾನೂ ಸಹಿ ಹಾಕ್ತೀನಿ. ಆಯುಧ ಮಾರಾಟ ನಿಲ್ಸೋದಕ್ಕೆ, ಸರ್ವಾಧಿಕಾರಿಯ ವಿದೇಶಿ ಖಾತೆ ಮುಟ್ಟುಗೋಲು ಹಾಕೋದಕ್ಕೆ ಮಾತ್ರ ಅಡ್ಡ ಬರಬಾರ್ದು.